ಫ್ಯಾನ್ ಇಲ್ಲದ ಮ್ಯಾಕಿಂಟಾಷ್

ಹಳೇ ಮ್ಯಾಕಿಂಟಾಷ್ ಆನ್ ಮಾಡಿದಾಗ ಕಪ್ಪು ಪರದೆಯ ನಡುವೆ ಮೇಲಿಂದ ಕೆಳಗೆ ಒಂದೇ ಒಂದು ಬಿಳಿ ಗೆರೆ ಕಂಡರೆ ಪಿಕ್ಚರ್ ಟ್ಯೂಬ್ ಹೋಯ್ತು ಅಂದ್ಕೋಬೇಡಿ. ಟ್ಯೂಬ್ ಸತ್ತಿದ್ದರೆ ಆ ಗೆರೆಯೂ ಇರುತ್ತಿರಲಿಲ್ಲ!

ಕಥೆ ಶುರುವಾಗೋದು 1984ರ ಜನವರಿಯಲ್ಲಿ. 9 ಇಂಚಿನ ಪರದೆ, ಕಂಪ್ಯೂಟರ್, ಫ್ಲಾಪಿ ಡ್ರೈವ್ ಎಲ್ಲಾ ಒಂದೇ ಡಬ್ಬಿಯಲ್ಲಿ. ಸದ್ದು ಇರಬಾರದು ಅಂತ ಸ್ಟೀವ್ ಜಾಬ್ಸ್ ಹಟ ಹಿಡಿದಿದ್ದರಿಂದ ಫ್ಯಾನ್ ಇಲ್ಲ. ಬಿಸಿ ಗಾಳಿ ತಾನಾಗಿಯೇ ಮೇಲಿನ ಸೀಳುಗಳಿಂದ ಹೊರಗೆ ಹೋಗಬೇಕು. ಎಡಬದಿಯಲ್ಲಿ ನೆಟ್ಟಗೆ ನಿಂತ ಅನಲಾಗ್ ಬೋರ್ಡ್ ಮೇಲೆ ಪವರ್ ಸಪ್ಲೈ, ಟ್ಯೂಬ್ ಓಡಿಸುವ ಸರ್ಕ್ಯೂಟ್ ಎರಡೂ ಇವೆ. ದಿನಾ ಕಾದು, ಆರಿ, ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಅಲ್ಲಿನ ಬೆಸುಗೆ ಬಿರುಕು ಬಿಡುತ್ತದೆ. ಕಿರಣವನ್ನು ಎಡದಿಂದ ಬಲಕ್ಕೆ ಎಳೆಯುವ ಕಾಯಿಲ್‌ನ ಕನೆಕ್ಟರ್ ಕೈಕೊಟ್ಟರೆ ಈ ಗೆರೆ. ಮೇಲೆ ಕೆಳಗೆ ಓಡಿಸುವ ಭಾಗ ಕೆಟ್ಟರೆ ಅಡ್ಡಗೆರೆ. ಹಳೇ ಟೀವಿಗೆ ತಟ್ಟುತ್ತಿದ್ದ ಹಾಗೆ ಬದಿಗೆ ತಟ್ಟಿದಾಗ ಚಿತ್ರ ವಾಪಸ್ ಬಂತಾ? ಹಾಗಾದ್ರೆ ಅದು ಬಹುಮಟ್ಟಿಗೆ ಡ್ರೈ ಸೋಲ್ಡರ್. ಹಳೇ ಬೆಸುಗೆ ತೆಗೆದು ಹೊಸದು ಹಾಕಿದರೆ ಮುಗೀತು.

ಆದರೆ ಜನ ಬಿಚ್ಚಲೇಬಾರದು ಅಂತ ಮಾಡಿದ ಡಬ್ಬಿ ಇದು, ಹಿಡಿಕೆಯ ಆಳದಲ್ಲಿ ಟಾರ್ಕ್ಸ್ ಸ್ಕ್ರೂ! (ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ಡಿಸ್ಚಾರ್ಜ್ ಮಾಡೋದು ಗೊತ್ತಿಲ್ಲದವರು ದಯವಿಟ್ಟು ಕೈ ಹಾಕಬೇಡಿ.) ರಿಪೇರಿ ಮಾಡಬಹುದಾದ ಯಂತ್ರ ಸತ್ತಂತೆ ಕಾಣೋದಕ್ಕೆ ಅರ್ಧ ಕಾರಣ ಈ ಬೀಗವೇ ಅಂತ ನನ್ನ ಅನಿಸಿಕೆ.

ಜಾಬ್ಸ್ 1985ರಲ್ಲಿ ಆಪಲ್ ಬಿಟ್ಟರು. 1986ರ ಮ್ಯಾಕಿಂಟಾಷ್ ಪ್ಲಸ್‌ಗೂ ಫ್ಯಾನ್ ಬರಲಿಲ್ಲ. ಬೇರೆ ಕಂಪನಿಗಳು ಅದರ ತಲೆ ಮೇಲೆ ಕೂರಿಸುವ ಫ್ಯಾನ್ ಮಾರಿದವು. ಕೊನೆಗೆ 1987ರಲ್ಲಿ ಎಸ್‌ಇ ಮಾದರಿಯ ಒಳಗೆ ಆಪಲ್ಲೇ ಫ್ಯಾನ್ ಇಟ್ಟಿತು. ಅದು ಮಾಡುತ್ತಿದ್ದ ಗಲಾಟೆಗೆ ಆಮೇಲೆ ಆ ಫ್ಯಾನನ್ನೂ ಬದಲಾಯಿಸಬೇಕಾಯ್ತು :)