ಗಾಜಿನೊಳಗಿನ ಕಡಲು, ಮರಳಿನ ಮರ್ಮ

1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತೀರಕ್ಕೆ ಹೋಗಿದ್ದ ಆನಾ ಥಿನ್ ಎಂಬ ಮಹಿಳೆ ಕೆಲವು ಹವಳದ ಜೀವಿಗಳನ್ನು ಜಾಡಿಯಲ್ಲಿಟ್ಟುಕೊಂಡು ಲಂಡನ್ನಿನ ಮನೆಗೆ ಮರಳಿದರು. ತಂದಿದ್ದ ಉಪ್ಪುನೀರು ಕೆಡದಂತೆ ನೋಡಿಕೊಳ್ಳುವುದೇ ದೊಡ್ಡ ಚಿಂತೆ. ಕಾಫಿಯನ್ನು ನೊರೆ ಬರುವಂತೆ ಎತ್ತಿ ಹೊಯ್ಯುತ್ತಾರಲ್ಲ, ಹಾಗೆ ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ದಿನವೂ ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಮರುವರ್ಷ ಕಡಲ ಸಸ್ಯಗಳನ್ನೂ ಸೇರಿಸಿದ ಮೇಲೆ ನೀರಿನ ಸಮತೋಲ ಸುಧಾರಿಸಿತು. ಮನೆಯೊಳಗೆ ಕಡಲನ್ನು ಸಾಕುವ ಹವ್ಯಾಸದ ಮೊದಲ ಅಧ್ಯಾಯಗಳಲ್ಲಿ ಇದೂ ಒಂದು.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಅದಕ್ಕೆ ಕಡಲಜೀವಿಗಳನ್ನು ಒದಗಿಸಿದವರಲ್ಲಿ ಪ್ರಮುಖನಾದ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಬರೆದ ಪುಸ್ತಕ ‘ಅಕ್ವೇರಿಯಂ’ ಎಂಬ ಪದವನ್ನು ಮನೆಮಾತಾಗಿಸಿತು. ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ಮುಗಿಬಿದ್ದರು. ಬಂಡೆಗಳ ನಡುವಿನ ನೀರಿನ ಗುಂಡಿಗಳು ಬರಿದಾದವು. ತಂದೆಯ ಪುಸ್ತಕಗಳೇ ಈ ಸೂರೆಗೆ ದಾರಿ ತೋರಿದವೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಮರುಗಿದ.

ಹಾಗೆ ತಂದ ಜೀವಿಗಳನ್ನು ಉಳಿಸಿಕೊಳ್ಳುವುದು ಮಾತ್ರ ಸುಲಭವಿರಲಿಲ್ಲ. ತೊಟ್ಟಿಯ ತಳದ ಮರಳು ಬರೀ ಅಲಂಕಾರವಲ್ಲ ಎಂಬುದು ಅರ್ಥವಾಗಲು ಬಹಳ ಕಾಲ ಬೇಕಾಯಿತು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಅದನ್ನು ನೈಟ್ರೈಟ್ ಆಗಿ, ಮುಂದೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವನು ರಷ್ಯದ ವಿಜ್ಞಾನಿ ಸರ್ಗೆಯ್ ವಿನೋಗ್ರಾಡ್‌ಸ್ಕಿ. ಈ ಅದೃಶ್ಯ ಜಾಡಮಾಲಿಗಳ ವಾಸ ಕಲ್ಲು ಮತ್ತು ಮರಳಿನ ಮೇಲ್ಮೈಯಲ್ಲಿ. 1961ರಲ್ಲಿ ಇಂಡೊನೇಷ್ಯದ ಲೀ ಚಿನ್ ಎಂಗ್, ಕಡಲಿನಿಂದ ಜೀವಂತ ಕಲ್ಲು ಮತ್ತು ಮರಳನ್ನು ತಂದು, ಗಾಳಿಗುಳ್ಳೆಗಳನ್ನಷ್ಟೇ ಹಾಯಿಸಿ ಮೀನು, ಹವಳಗಳನ್ನು ಸಾಕಿದ ಬಗೆಯನ್ನು ಪತ್ರಿಕೆಯೊಂದರಲ್ಲಿ ವಿವರಿಸಿದಾಗ ಹವ್ಯಾಸಿಗಳು ಬೆರಗಾದರು.

ಆದರೆ ಮಿತ್ರನಿರುವ ಮನೆಯಲ್ಲೇ ಶತ್ರುವೂ ಅಡಗಬಲ್ಲ. ಉಪ್ಪುನೀರಿನ ಮೀನುಗಳ ಮೈಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಕಾಣಿಸಿಕೊಂಡು, ಉಸಿರಾಟ ಬಿರುಸಾಗಿ, ತೊಟ್ಟಿಗೆ ತೊಟ್ಟಿಯೇ ಬರಿದಾಗುವುದುಂಟು. 1930ರ ದಶಕದಲ್ಲಿ ಜಪಾನಿನ ಸಿಕಾಮ ಈ ರೋಗವನ್ನು ವರ್ಣಿಸಿದ್ದ. ಇದಕ್ಕೆ ಕಾರಣವಾದ ಏಕಕೋಶ ಪರೋಪಜೀವಿಗೆ ‘ಕ್ರಿಪ್ಟೊಕೇರಿಯಾನ್ ಇರಿಟಾನ್ಸ್’ ಎಂಬ ಹೆಸರು ಬಂದದ್ದು 1951ರಲ್ಲಿ, ಇ. ಎಂ. ಬ್ರೌನ್ ಅವರಿಂದ.

ಇದರ ಬದುಕಿನ ಚಕ್ರ ವಿಚಿತ್ರವಾದುದು. ಮೂರರಿಂದ ಏಳು ದಿನ ಮೀನಿನ ಚರ್ಮ, ಕಿವಿರುಗಳಲ್ಲಿ ಮೇದು ಕೊಬ್ಬಿದ ಜೀವಿ ತಾನಾಗಿಯೇ ಕೆಳಗುದುರುತ್ತದೆ. ಮರಳು, ಕಲ್ಲು, ಗಾಜಿಗೆ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೆ ಒಂದು ನೂರಾರಾಗಿ ಒಡೆದು, ದಿನಗಳು ಅಥವಾ ವಾರಗಳು ಕಳೆದ ಮೇಲೆ ಮರಿಗಳು ಹೊರಬಂದು ಮೀನನ್ನು ಹುಡುಕುತ್ತವೆ. ಒಂದೆರಡು ದಿನಗಳಲ್ಲಿ ಮೀನು ಸಿಗದಿದ್ದರೆ ಅವುಗಳ ಆಯುಸ್ಸು ಮುಗಿಯಿತು. ಚುಕ್ಕೆ ಮಾಯವಾದಾಗ ರೋಗ ವಾಸಿಯಾಯಿತೆಂದು ಸಂತೋಷಪಟ್ಟವರು ವಾರದೊಳಗೆ ಮೋಸಹೋಗುವುದು ಇದರಿಂದಲೇ. ಕಳೆ ಕಿತ್ತ ಹೊಲದಲ್ಲಿ ಬೀಜ ಉಳಿದ ಹಾಗೆ.

ಹಾಗಾದರೆ ಮರಳನ್ನೇ ಬದಲಿಸಿದರೆ? ಒಮ್ಮೆಗೇ ಎಲ್ಲವನ್ನೂ ತೆಗೆದರೆ ಬ್ಯಾಕ್ಟೀರಿಯಾಗಳ ಬಹುಭಾಗವೂ ಹೊರಟುಹೋಗಿ ಅಮೋನಿಯಾ ಏರಬಹುದು. ಹಳೆಯ ದಪ್ಪ ಮರಳನ್ನು ಕಲಕಿದರೆ ತಳದ ಹೈಡ್ರೋಜನ್ ಸಲ್ಫೈಡ್ ಮೇಲೆದ್ದು ಕೊಳೆತ ಮೊಟ್ಟೆಯ ವಾಸನೆಯೊಂದಿಗೆ ಸಾವನ್ನೂ ತರಬಹುದು. ಇಷ್ಟಾದರೂ ಕಲ್ಲಿಗೆ, ಗಾಜಿಗೆ ಅಂಟಿದ ಕವಚಗಳು ಅಲ್ಲಿಯೇ ಇರುತ್ತವೆ. ಮೈಲುತುತ್ತದಂಥ ತಾಮ್ರದ ಔಷಧಿ ಪರೋಪಜೀವಿಯ ಮರಿಗಳನ್ನು ಕೊಲ್ಲುತ್ತದೆ ನಿಜ. ಆದರೆ ಅದು ಹವಳ, ಸಿಗಡಿಗಳಿಗೂ ಮಾರಕ. ಸುಣ್ಣದಂಶದ ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಔಷಧಿಯ ಪ್ರಮಾಣವೂ ಲೆಕ್ಕಕ್ಕೆ ಸಿಗುವುದಿಲ್ಲ.

ಈ ಇಕ್ಕಟ್ಟಿಗೆ ಸರಳ ಉತ್ತರವೊಂದು ಕೆಂಪು ಸಮುದ್ರದ ದಡದ ಐಲಾತ್‌ನಿಂದ ಬಂತು. ಅಲ್ಲಿನ ಆಂಜೆಲೊ ಕೊಲೊರ್ನಿ 1987ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇಷ್ಟೆ: ಮೂರು ದಿನಕ್ಕೊಮ್ಮೆ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಬೇಕು, ಬಿಟ್ಟ ತೊಟ್ಟಿಯನ್ನು ತೊಳೆದು ಒಣಗಿಸಬೇಕು, ಹೀಗೆ ನಾಲ್ಕು ಬಾರಿ. ಉದುರಿದ ಪರೋಪಜೀವಿ ಕವಚ ಬಿಚ್ಚುವ ಮೊದಲೇ ಮೀನು ಮನೆ ಬದಲಿಸಿರುತ್ತದೆ. ಮೂಲ ತೊಟ್ಟಿಯನ್ನು ಹಲವು ವಾರ ಮೀನಿಲ್ಲದೆ ಬಿಟ್ಟರೆ, ಅಲ್ಲಿ ಹುಟ್ಟಿದ ಮರಿಗಳು ಆಶ್ರಯವಿಲ್ಲದೆ ಸಾಯುತ್ತವೆ. ಹವಳಕ್ಕೆ, ಮರಳಿಗೆ, ಬ್ಯಾಕ್ಟೀರಿಯಾಗಳಿಗೆ ಯಾವ ತೊಂದರೆಯೂ ಇಲ್ಲ. ಮರಳು ತೀರ ಹಳತಾಗಿ ಬದಲಿಸಲೇಬೇಕಾದಾಗಲೂ ಬಲ್ಲವರು ಸ್ವಲ್ಪ ಸ್ವಲ್ಪವಾಗಿ, ವಾರಗಳ ಅಂತರ ಕೊಟ್ಟು ಬದಲಿಸುತ್ತಾರೆ.

ಕಡಲಿನಲ್ಲಿಯೂ ಈ ಪರೋಪಜೀವಿ ಇದೆ. ಅಲ್ಲಿ ನೀರು ಅಪಾರ. ಕವಚ ಒಡೆದು ಬಂದ ಮರಿಗೆ ಮೀನು ಸಿಗುವುದೇ ಅಪರೂಪ. ನಾಲ್ಕು ಗಾಜುಗಳ ನಡುವೆ ಮೀನಿಗೆ ಓಡಿಹೋಗಲು ಎಡೆಯಿಲ್ಲ. ಕಡಲು ಮೀನಿಗೆ ಕೊಟ್ಟಿದ್ದ ದೂರವನ್ನು ಗಾಜಿನ ತೊಟ್ಟಿ ಕಸಿದುಕೊಂಡಿತ್ತು. ನಾಲ್ಕು ಬಾರಿ ಮನೆ ಬದಲಿಸುವ ಉಪಾಯ ಹಿಂತಿರುಗಿಸುವುದು ಆ ದೂರವನ್ನೇ.