ರಾಟೆಕೊಂಬಿನ ಸಾವೊಲಾ

ದೊಡ್ಡ ಪ್ರಾಣಿಗಳೆಲ್ಲ ಶಾಸ್ತ್ರದ ಪಟ್ಟಿಗೆ ಸೇರಿಹೋದುವೆಂದು ಬಹುಮಂದಿ ನಂಬಿದ್ದ ಕಾಲವದು. 1992ರ ಮೇ ತಿಂಗಳಲ್ಲಿ ವಿಯೆಟ್ನಾಮಿನ ವೂ ಕ್ವಾಂಗ್ ಅರಣ್ಯಕ್ಕೆ ಸಮೀಕ್ಷೆಗೆಂದು ಹೋದ ತಂಡಕ್ಕೆ ಬೇಟೆಗಾರರ ಮನೆಗಳಲ್ಲಿ ವಿಚಿತ್ರವಾದ ತಲೆಬುರುಡೆಗಳು ಕಂಡವು. ಕೊಂಬುಗಳು ನೀಳವಾಗಿ, ಹೆಚ್ಚುಕಡಿಮೆ ನೇರವಾಗಿದ್ದವು. ಇಂಥ ಪ್ರಾಣಿಯ ವರ್ಣನೆ ಯಾವ ಗ್ರಂಥದಲ್ಲಿಯೂ ಇರಲಿಲ್ಲ. ದನ, ಮೇಕೆಗಳ ಕುಟುಂಬಕ್ಕೆ ಸೇರಿದ ಇದಕ್ಕೆ 1993ರಲ್ಲಿ ಶಾಸ್ತ್ರೀಯ ನಾಮಕರಣವಾಯಿತು.

ಆದರೆ ಇದು ಹೊಸದಾಗಿದ್ದುದು ಶಾಸ್ತ್ರಕ್ಕೆ ಮಾತ್ರ. ವಿಯೆಟ್ನಾಮ್-ಲಾವೋಸ್ ಗಡಿಯ ಬೆಟ್ಟಗಳ ಜನ ಇದನ್ನು ಬಲ್ಲವರೇ. ಅವರಿಟ್ಟ ಹೆಸರು ಸಾವೊಲಾ. ಎಂದರೆ ನೂಲುವ ರಾಟೆಯ ಕಂಬಗಳು. ಕೊಂಬಿನ ಆಕಾರವನ್ನು ನೋಡಿ ಇಟ್ಟ ಹೆಸರದು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಸಾವೊಲಾ ಬದುಕಿಕೊಳ್ಳಲಿಲ್ಲ. ಕಾಡುಹಂದಿ, ಕಡವೆಗಳಿಗೆಂದು ಒಡ್ಡಿದ ತಂತಿಯ ಉರುಳುಗಳಿಗೆ ಅದೂ ಬಲಿಯಾಯಿತು. 2013ರಲ್ಲಿ ಮಧ್ಯ ವಿಯೆಟ್ನಾಮಿನ ಕಾಡಿನಲ್ಲಿ ಇರಿಸಿದ್ದ ಕ್ಯಾಮೆರಾ ಒಂದರ ಚಿತ್ರ ತೆಗೆಯಿತು. ಆಮೇಲೆ ಜೀವಂತ ಸಾವೊಲಾದ ಖಚಿತವಾದ ಸುಳಿವು ದೊರೆತಿಲ್ಲ. ಕಾಡಿನಲ್ಲಿ ಅದನ್ನು ಕಣ್ಣಾರೆ ಕಂಡ ಪ್ರಾಣಿಶಾಸ್ತ್ರಜ್ಞರೇ ಇಲ್ಲ.

ಇನ್ನೂ ಉಳಿದಿದ್ದರೆ ಅದನ್ನು ಉಳಿಸಿಕೊಳ್ಳಲು ಮೊದಲು ಆಗಬೇಕಾದುದು ಉರುಳುಗಳನ್ನು ಕಿತ್ತುಹಾಕುವ ಕೆಲಸ. ಅದಕ್ಕೆ ಕಾಡಿನ ಜಾಡು ಬಲ್ಲ ಆ ಬೆಟ್ಟದ ಜನರ ನೆರವೇ ಬೇಕು.