ಕಲ್ಯಾಣದ ಲಿಪಿಕಾರರು

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಒಂದು ಶಿವಾಲಯವಿದೆ. ಅದರ ಹೊರಭಿತ್ತಿಯ ಶಿಲಾಬಾಲಿಕೆಯರ ಸಾಲಿನಲ್ಲಿ ಒಬ್ಬಳು ಲೇಖನಿಯನ್ನು ಹಿಡಿದು, ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಫಲಕದ ಮೇಲೆ ಬರೆಯುತ್ತ ನಿಂತಿದ್ದಾಳೆ. ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣದಿಂದ 1076ರಿಂದ 1126ರವರೆಗೆ ಆಳಿ, ತನ್ನ ಹೆಸರಿನಲ್ಲಿ ಒಂದು ಶಕವನ್ನೇ ಆರಂಭಿಸಿದ ಆ ಅರಸನ ನಾಡಿನಲ್ಲಿ, ದೇವಾಲಯದ ಗೋಡೆಯ ಮೇಲೆ ಸ್ಥಾನ ಪಡೆಯುವಷ್ಟು ಗೌರವ ಅಕ್ಷರವೃತ್ತಿಗೆ ಇದ್ದಿತೆಂಬುದಕ್ಕೆ ಈ ಮೂರ್ತಿಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಆ ವೃತ್ತಿಯ ಚರಿತ್ರೆಯನ್ನು ಪರಿಶೀಲಿಸಿದಷ್ಟೂ, ಬರೆಯಿಸಿಕೊಳ್ಳುವ ವಸ್ತುವಿನ ನ್ಯೂನತೆಯನ್ನು ಬರೆಯುವವನ ವಿವೇಕವು ತುಂಬಿಕೊಟ್ಟ ಕಥೆಯಾಗಿಯೇ ಅದು ನನಗೆ ತೋರುತ್ತದೆ.

ಕಲ್ಲು ಬಹುಕಾಲ ಬಾಳತಕ್ಕದ್ದು. ಆದರೆ ತಪ್ಪನ್ನು ಕ್ಷಮಿಸತಕ್ಕದ್ದಲ್ಲ. ಕವಿಯು ಪಾಠವನ್ನು ರಚಿಸಿ, ಲಿಪಿಕಾರನು ಅದನ್ನು ಶಿಲೆಯ ಮೇಲೆ ಬರೆದುಕೊಟ್ಟು, ರೂವಾರಿಯು ಉಳಿಯಿಂದ ಕಂಡರಿಸುವಾಗ ಒಂದಕ್ಷರ ಬಿಟ್ಟುಹೋಯಿತೆನ್ನಿ. ಅದನ್ನು ಪಂಕ್ತಿಯ ಮೇಲೋ ಕೆಳಗೋ ಕಿರಿದಾಗಿ ಸೇರಿಸುವುದಲ್ಲದೆ ಅನ್ಯ ಮಾರ್ಗವಿರಲಿಲ್ಲ. ಚಕ್ಕೆ ಎದ್ದ ತಾವು ಅಡ್ಡಬಂದರೆ ಅದನ್ನು ಬರಿದೇ ಬಿಟ್ಟು, ಆಚೆಯ ಗಟ್ಟಿ ಮೈಯಲ್ಲಿ ಮುಂದಿನ ಅಕ್ಷರವನ್ನು ಕೊರೆಯುತ್ತಿದ್ದರು. ತಾಮ್ರಪಟದಲ್ಲಿ ತಪ್ಪಿದ ಭಾಗವನ್ನು ಸುತ್ತಿಗೆಯಿಂದ ತಟ್ಟಿ ಸಮಮಾಡಿ ಮರಳಿ ಕೊರೆಯುವುದು ಸಾಧ್ಯವಿದ್ದಿತು. ಆದರೆ ಏಟೇಟಿಗೂ ತಗಡು ತೆಳುವಾಗುವುದರಿಂದ ಆ ತಿದ್ದುಗೆಗೂ ಒಂದು ಮಿತಿಯುಂಟು.

ಶಾಸನಗಳ ಮಾತು ಹೀಗಾದರೆ, ಗ್ರಂಥಗಳಿಗೆ ಆಧಾರವಾದುದು ತಾಳೆಯ ಗರಿ. ಗರಿಯನ್ನು ಕತ್ತರಿಸಿ, ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಗೊಳಿಸಿ, ಕಬ್ಬಿಣದ ಕಂಟದಿಂದ ಕೊರೆದ ಗೆರೆಗಳಿಗೆ ಮಸಿಯನ್ನು ತುಂಬಿದಾಗ ಅಕ್ಷರಗಳು ಎದ್ದು ಕಾಣುತ್ತಿದ್ದುವು. ನಾರಿನ ದಿಕ್ಕಿಗೆ ನೇರವಾಗಿ ಎಳೆದ ಗೆರೆಯು ಗರಿಯನ್ನು ಸೀಳುವುದಾದುದರಿಂದಲೇ ದಕ್ಷಿಣದ ಲಿಪಿಗಳು ದುಂಡಗಾದುವೆಂದು ಹಲವರು ವಿದ್ವಾಂಸರು ಹೇಳುವುದುಂಟು. ದಾರವನ್ನು ಪೋಣಿಸುವ ರಂಧ್ರದ ಸುತ್ತ ಸ್ಥಳವನ್ನು ಬಿಟ್ಟು ಬರೆಯುವುದು, ಕಟ್ಟಿನ ಮೊದಲಿಗೂ ಕೊನೆಗೂ ಬರೆಯದ ಓಲೆಗಳನ್ನು ಕಾಪಿಗೆಂದು ಸೇರಿಸುವುದು, ಮೂಲಪ್ರತಿಯು ಹುಳು ತಿಂದು ಲುಪ್ತವಾದೆಡೆಯಲ್ಲಿ ಊಹಿಸಿ ತುಂಬದೆ ಬಯಲನ್ನೇ ಉಳಿಸುವುದು, ಇವೆಲ್ಲ ಒಳ್ಳೆಯ ಲಿಪಿಕಾರನ ಧರ್ಮಗಳು. ಕಾವ್ಯವನ್ನು ಪ್ರತಿಮಾಡುವವನಿಗೆ ಇನ್ನೊಂದು ಕಾವಲೂ ಇದ್ದಿತು: ಕಂದ, ವೃತ್ತ, ಷಟ್ಪದಿಗಳಲ್ಲಿ ಮಾತ್ರೆ ಗಣಗಳ ಲೆಕ್ಕವೂ ಎರಡನೆಯ ಅಕ್ಷರದ ಪ್ರಾಸವೂ ನಿಯತವಾಗಿರುವುದರಿಂದ, ಒಂದಕ್ಷರ ಬಿದ್ದುಹೋದೊಡನೆ ಪದ್ಯವು ಕುಂಟುತ್ತದೆ, ಬಿದ್ದುದು ಯಾವುದೆಂಬುದನ್ನೂ ಎಷ್ಟೋ ವೇಳೆ ಪ್ರಾಸವೇ ಸೂಚಿಸುತ್ತದೆ. ವಚನಗಳಿಗಾದರೋ ಈ ಛಂದಸ್ಸಿನ ರಕ್ಷೆಯಿಲ್ಲ. ಕೊನೆಯಲ್ಲಿ ಬರುವ ಅಂಕಿತವೊಂದೇ ಅದು ಯಾರ ಮಾತೆಂಬುದಕ್ಕೆ ಮುದ್ರೆ.

ದಿನದಿನದ ಲೆಕ್ಕಕ್ಕೆ ಓಲೆ ಒದಗದು, ಕೊರೆದುದನ್ನು ಅಳಿಸಲಾಗದಷ್ಟೆ. ಅದಕ್ಕಾಗಿ ಕನ್ನಡ ವರ್ತಕರೂ ಶಾನುಭೋಗರೂ ಕಡತವನ್ನು ಬಳಸಿದರು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಿಂದ ಬರೆಯುವುದು. ಬೇಡವಾದುದನ್ನು ಒರಸಿ, ಲೇಪವನ್ನು ಮತ್ತೆ ಹಚ್ಚಿ, ಹೊಸದಾಗಿ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟಿಸಿದ ತನ್ನ ಚರಿತ್ರೆಯಲ್ಲಿ ಈ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ.

ಇಂದು ಬಸವಕಲ್ಯಾಣದ ಕೋಟೆಯನ್ನು ನೋಡಬಂದವನು ತನ್ನ ಮೊಬೈಲಿನಲ್ಲಿ ತೆಗೆಯುವ ಚಿತ್ರವು ಹೋಗಿ ನೆಲೆಗೊಳ್ಳುವುದು ಫ್ಲ್ಯಾಶ್ ಮೆಮೊರಿಯೆಂಬ ಚಿಪ್‌ನಲ್ಲಿ. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೋಕ 1984ರಲ್ಲಿ ಲೋಕದ ಮುಂದಿಟ್ಟ ಈ ವಸ್ತುವಿನಲ್ಲಿ ಮೇಲೆ ಹೇಳಿದ ನ್ಯೂನತೆಗಳೆಲ್ಲ ಒಂದೆಡೆ ಸೇರಿವೆಯೆಂದರೆ ಅತಿಶಯೋಕ್ತಿಯಾಗದು. ಅದರಲ್ಲಿ ಬರೆಯುವುದೆಂದರೆ ಒಂದನ್ನು ಸೊನ್ನೆಯಾಗಿಸುವುದು. ಸೊನ್ನೆಯನ್ನು ಮರಳಿ ಒಂದಾಗಿಸಬೇಕಾದರೆ ಅದೊಂದನ್ನೇ ತಿದ್ದುವಂತಿಲ್ಲ, ಅನೇಕ ಪುಟಗಳಿರುವ ಬ್ಲಾಕ್ ಒಂದನ್ನು ಸಮಗ್ರವಾಗಿ ಅಳಿಸಬೇಕು. ಹಾಗೆ ಅಳಿಸಿದಾಗಲೆಲ್ಲ ಒಳಗಿನ ಆಕ್ಸೈಡಿನ ತೆಳುಪೊರೆಯು, ತಟ್ಟಿಸಿಕೊಂಡ ತಾಮ್ರದ ತಗಡಿನಂತೆ, ಸವೆಯುತ್ತದೆ: ಕೋಶಕ್ಕೊಂದೇ ಬಿಟ್ಟನ್ನು ಹಿಡಿದಿಡುವ ಚಿಪ್‌ಗಳು ಸುಮಾರು 1 ಲಕ್ಷ ಸಲ ತಾಳಿದರೆ, ಹೆಚ್ಚು ಬಿಟ್ಟುಗಳನ್ನು ತುಂಬಿಸಿಕೊಳ್ಳುವವು ಕೆಲವು ಸಾವಿರ ಸಲಕ್ಕೆ ಮುಗಿಯುತ್ತವೆ. ಕೆಲವು ಬ್ಲಾಕುಗಳಂತೂ ಕಾರ್ಖಾನೆಯಿಂದಲೇ ಕೆಟ್ಟವೆಂಬ ಗುರುತಿನೊಡನೆ ಬರುತ್ತವೆ. ಇಂತಹ ದುರ್ಬಲ ವಸ್ತುವಿನಿಂದ ನಂಬಿಕೆಯ ಕೆಲಸವನ್ನು ತೆಗೆಯುವುದು ಡ್ರೈವರ್ ಎಂಬ ತಂತ್ರಾಂಶವೋ ಚಿಪ್‌ನೊಡನಿರುವ ನಿಯಂತ್ರಕವೋ ಆಗಿದೆ. ರೂವಾರಿಯು ಚಕ್ಕೆ ಎದ್ದ ತಾವನ್ನು ದಾಟಿದಂತೆ ಅದು ಕೆಟ್ಟ ಬ್ಲಾಕುಗಳ ಪಟ್ಟಿಯಿಟ್ಟುಕೊಂಡು ಅವನ್ನು ಬಿಟ್ಟು ಬರೆಯುತ್ತದೆ. ಪ್ರಾಸದ ಕಾವಲಿನಂತೆ ಪ್ರತಿ ಪುಟದೊಡನೆ ಕೆಲವು ಹೆಚ್ಚಿನ ಅಂಕಿಗಳನ್ನು ಕೂಡಿಸಿ, ತಪ್ಪನ್ನು ಕಂಡುಹಿಡಿದು ತಿದ್ದುತ್ತದೆ. ಒಂದೇ ಬ್ಲಾಕು ಬೇಗ ಸವೆಯದಂತೆ ಬರವಣಿಗೆಯ ಭಾರವನ್ನು ಎಲ್ಲವುಗಳಿಗೂ ಹಂಚುತ್ತದೆ. ವರ್ಷಗಳು ಕಳೆದಂತೆ ಕೋಶದ ವಿದ್ಯುದಂಶವು ಸೋರಿಹೋಗುವುದರಿಂದ, ಹಳೆಯ ಬರಹವನ್ನು ಬೇರೆಡೆಗೆ ಪ್ರತಿಮಾಡುವುದೂ ಅದರ ಹೊಣೆಯೇ.

ಪ್ರತಿಮಾಡುವ ಈ ಕಾರ್ಯದ ಬೆಲೆಯನ್ನು ಕಲ್ಯಾಣದಷ್ಟು ಚೆನ್ನಾಗಿ ತಿಳಿಸುವ ಊರು ವಿರಳ. ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಅಲ್ಲಿ ಬರೆದ ‘ಮಿತಾಕ್ಷರ’ವು ಓಲೆಯಿಂದ ಓಲೆಗೆ ಹಬ್ಬಿ, ವಂಗದೇಶವನ್ನುಳಿದು ಭಾರತದ ಬಹುಭಾಗಕ್ಕೆ ದಾಯಭಾಗದ ಪ್ರಮಾಣಗ್ರಂಥವಾಯಿತು. ಹನ್ನೆರಡನೆಯ ಶತಮಾನದ ಕ್ಷೋಭೆಯಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ಸಂಪ್ರದಾಯವು ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ವೀರಶೈವ ವಿದ್ವಾಂಸರು ಅವನ್ನು ಮರಳಿ ಸಂಕಲಿಸಿದರು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಅರಸಿ ಸಂಗ್ರಹಿಸಿದುದರ ಫಲವಾಗಿ ‘ವಚನಶಾಸ್ತ್ರಸಾರ’ವು 1923ರಲ್ಲಿ ಅಚ್ಚಾಯಿತು. ಛಂದಸ್ಸಿನ ರಕ್ಷೆಯಿಲ್ಲದ ಆ ಮಾತುಗಳನ್ನು ಕಾಪಾಡಿದ್ದು ಬೆನ್ನುಬಾಗಿ ಕುಳಿತು ಪ್ರತಿಮಾಡಿದ, ಬಹುಮಟ್ಟಿಗೆ ಹೆಸರೇ ಉಳಿಯದ ಕೈಗಳು. ಚಾಲುಕ್ಯರ ಅರಮನೆಗಳು ಇಂದು ಇಲ್ಲ. ಗರಿಯ ಮೇಲಿದ್ದ ಮಿತಾಕ್ಷರವೂ ವಚನವೂ ಇವೆ. ಆದುದರಿಂದ, ಅಟ್ಟದ ಮೇಲೆ ಹಿರಿಯರ ಓಲೆಕಟ್ಟನ್ನಾಗಲಿ, ಜೇಬಿನ ಚಿಪ್‌ನಲ್ಲಿ ಮಕ್ಕಳ ಚಿತ್ರಗಳನ್ನಾಗಲಿ ಇಟ್ಟುಕೊಂಡಿರುವ ವಾಚಕರು, ಅದು ಓದಲು ಬರುವಂತಿರುವಾಗಲೇ ಇನ್ನೊಂದು ಪ್ರತಿಯನ್ನು ಮಾಡಿ ಬೇರೊಂದೆಡೆ ಇರಿಸಬೇಕೆಂದು ಬೇಡುತ್ತೇನೆ.